ಬುರ್ಖಾದೊಳಗಿನ ಹಳದಿ

ಈ ಪ್ರಯಾಣ ಮುಗಿಸಿ ಬಂದು ಎರಡು ಬೇಸಿಗೆ ಕಳೆದವು. ಬರೆಯಬೇಕೆಂದು ಕೂತಾಗಲೆಲ್ಲ ಏನಾದರೊಂದು ನೆಪ ಹುಡುಕಿ ಮುಂದೂಡಿದೆ. ಕಣ್ಣಿನ ಆಪರೇಷನ್ ಕೂಡ ಒಂದು ನೆಪವಾಯಿತು.

ಮೊಮ್ಮಗಳ ಮದುವೆಗೆಂದು ಕಡೂರಿನಿಂದ ಹೊರಟೆ. ಬೀರೂರಿನವರೆಗೆ ಬಸ್ಸು, ಅಲ್ಲಿಂದ ಅಜ್ಜಂಪುರಕ್ಕೆ ರೈಲು. ರೈಲು ತಡವಾಗಿತ್ತು. ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಗೆ ನಡೆದೆ. ಟೀ ಕುಡಿದಿದ್ದರೂ ಮತ್ತೊಂದು ಕುಡಿದೆ. ಮಗಳ ಮನೆಗೆ ಹೋಗುವಾಗಲೆಲ್ಲ ನನಗೆ ಹೀಗೆಯೇ, ಕೂತಲ್ಲಿ ಕೂರಲಾಗುವುದಿಲ್ಲ.

ಅಜ್ಜಂಪುರದಲ್ಲಿ ಮೊಮ್ಮಗಳು ಶಬಾನಾ ಆಗಲೇ ಮಂಜಾ ಕೂತಿದ್ದಳು. ನಮ್ಮಲ್ಲಿ ನಿಕಾಹ್‌ಗೆ ಮುಂಚೆ ಹುಡುಗಿಗೆ ಅರಿಶಿನ ಹಚ್ಚಿ, ಹಳದಿ ಬಟ್ಟೆ ಉಡಿಸಿ ಕೂರಿಸುತ್ತಾರೆ; ಆಮೇಲೆ ಅವಳು ಹೊಸಿಲು ದಾಟುವಂತಿಲ್ಲ. ಆದರೆ ಮುಂದಕ್ಕೆ ಹೋಗಿದ್ದ ಅವಳ ಬಿ.ಎ. ಕೊನೆಯ ಪರೀಕ್ಷೆ ಮರುದಿನವೇ ತರೀಕೆರೆಯಲ್ಲಿತ್ತು.

ಮಗಳ ಅತ್ತೆ ನನ್ನ ಕಡೆ ತಿರುಗಿದರು. "ನೀವೇ ಹೇಳ್ರೀ ಭಾಯಿ. ನಿಮ್ಮ ಮಗಳಿಗೂ ಹಿಂಗೇ ಪರೀಕ್ಷೆ ಬಂದಿತ್ತಲ್ಲ, ನೀವು ಕಳಿಸಿದ್ರಾ?" ಚುಚ್ಚಲು ಹೇಳಿದ್ದಲ್ಲ, ಹೊಗಳಿಕೆಯೆಂದೇ ಹೇಳಿದರು.

ಕಳಿಸಿರಲಿಲ್ಲ. ನನ್ನ ಮಗಳ ಹತ್ತನೇ ತರಗತಿ ಪರೀಕ್ಷೆ ಯಾವಾಗೆಂದು ತಿಳಿದೂ ಮದುವೆಯ ದಿನ ಗೊತ್ತು ಮಾಡಿದವನು ಹತ್ತನೇ ಪಾಸಾಗಿದ್ದ ನಾನೇ. "ಬುರ್ಖಾ ಒಳಗಿನ ಹಳದಿ ಯಾರಿಗೆ ಕಾಣುತ್ತೆ ಅಬ್ಬಾ?" ಎಂದು ಅವಳು ಅತ್ತಿದ್ದಳು. ನಾನು ಹೊರಗಿನಿಂದ ಚಿಲಕ ಹಾಕಿದೆ.

ಈಗ ಅತ್ತೆಯ ಮಾತು ಕೇಳಿ ಮಗಳೇ ಕೈ ಒರೆಸಿಕೊಳ್ಳುತ್ತ ಅಡುಗೆಮನೆಯಿಂದ ಬಂದಳು. "ಬುರ್ಖಾ ಒಳಗಿನ ಹಳದಿ ಯಾರಿಗೂ ಕಾಣಲ್ಲ ಅಮ್ಮೀ. ನಾನೇ ಕರ್ಕೊಂಡು ಹೋಗ್ತೀನಿ. ಅಬ್ಬಾ ಬೇಕಾದ್ರೆ ಬರ್ಲಿ." ನನ್ನ ಕಡೆ ನೋಡಲಿಲ್ಲ.

ಬೆಳಿಗ್ಗೆ ಬಸ್ಸಿನಲ್ಲಿ ಅವರಿಬ್ಬರಿಗೂ ಉಚಿತ ಟಿಕೆಟ್, ನನಗೆ ಪೂರ್ತಿ ಚಾರ್ಜು. "ನಾನಾ, ನೀವೂ ಒಂದು ಬುರ್ಖಾ ಹಾಕ್ಕೊಂಡ್ ಬರ್ಬೇಕಿತ್ತು" ಎಂದು ಶಬಾನಾ ಈ ಅಜ್ಜನನ್ನು ನೋಡಿ ನಕ್ಕಳು. ದಾರಿಯಲ್ಲಿ ಈರುಳ್ಳಿ ಲಾರಿಯೊಂದು ಅಡ್ಡ ನಿಂತಿತು. ನಾನು ಎದ್ದು ಡ್ರೈವರನ ಬೆನ್ನ ಹಿಂದೆ ನಿಂತೆ, ಮತ್ತೆ ಕೂತೆ, ಮತ್ತೆ ಎದ್ದೆ. ಗಂಟೆ ಹೊಡೆಯುವ ಹೊತ್ತಿಗೆ ಕಾಲೇಜು ಮುಟ್ಟಿದೆವು. ಮೆಟ್ಟಿಲು ಹತ್ತುವಾಗ ಶಬಾನಾಳ ಕರಿ ಬುರ್ಖಾದ ಕೆಳಗೆ ಬೆರಳಷ್ಟು ಹಳದಿ ಕಂಡಿತು. ಯಾರೂ ಏನೂ ಅನ್ನಲಿಲ್ಲ.

ಗೇಟಿನ ಹೊರಗೆ ಹೊಂಗೆ ಮರದಡಿ ನಾನೂ ಮಗಳೂ ಕೂತೆವು. ತಂದಿದ್ದ ಉಪ್ಪಿಟ್ಟು ಬಿಚ್ಚಿಕೊಟ್ಟಳು. ತಿಂದು ಕೈ ತೊಳೆದುಕೊಳ್ಳುತ್ತ, "ಬರೋ ವರ್ಷ ನಾನೂ ಹತ್ತನೇದು ಕಟ್ತೀನಿ ಅಬ್ಬಾ" ಎಂದಳು.

ಮಾಫ್ ಮಾಡು ಎನ್ನಬೇಕಿತ್ತು. "ಬಿಸಿಲು ಜಾಸ್ತಿ, ನೆರಳಿಗೆ ಬಾ" ಎಂದೆ. ಅವಳು ನೆರಳಲ್ಲೇ ಇದ್ದಳು.

ಮದುವೆ ಮುಗಿಸಿ ಹೊರಟಾಗ ಅಜ್ಜಂಪುರದ ಸ್ಟೇಷನ್ನಿಗೆ ಬಂದು ರೈಲು ಹತ್ತಿಸಿದವಳೂ ಅವಳೇ. ರೈಲು ಅಲುಗಿದಾಗ ಕಿಟಕಿಗೆ ಬಾಗಿದೆ. ಅಷ್ಟರಲ್ಲಿ ಅವಳು ಮಾತ್ರೆ ಮರೀಬೇಡಿ ಎಂದಳು. ಆಗಲಿ ಎಂದೆ.

ಕಳೆದ ವರ್ಷ ಅವಳು ಹತ್ತನೇ ಪಾಸಾದಳು. ಪರೀಕ್ಷೆಗೆ ಜೊತೆಗೆ ಹೋದವಳು ಶಬಾನಾ, ನನ್ನನ್ನು ಕರೆಯಲಿಲ್ಲ. ಇಷ್ಟೆಲ್ಲ ಬರೆದೂ ಮಗಳ ಹೆಸರು ಬರೆಯಲು ಕೈ ಬಂದಿಲ್ಲ. ನಸೀಮಾ.