ಮಲ್ಲುವಿನ ಮೊಣಕಾಲು

ಇಲ್ಲ, ನೋವು ಮೊದಲು ಬಂದದ್ದು ಬೆರಳಿಗೆ ಇರಲಾರದು. ಬೆಳಿಗ್ಗೆ ಅಂಗಡಿಯ ಶಟರ್ ಎತ್ತಲು ಹೋದಾಗ ಬೆರಳು ಮಡಚಲಿಲ್ಲ ಎಂದು ಎಲ್ಲ ಡಾಕ್ಟರರಿಗೂ ಹೇಳಿದ್ದೇನೆ. ಹೇಳಿ ಹೇಳಿ ಅದೇ ನಿಜವಾಗಿದೆ. ನನ್ನ ಹೆಂಡತಿ ಸುವರ್ಣಾ ಒಪ್ಪುವುದಿಲ್ಲ. ಅಕ್ಕಲಕೋಟೆಯಲ್ಲಿ ಅವಳ ತವರಿನ ಮದುವೆಯಲ್ಲಿ, ಪಂಕ್ತಿಯಲ್ಲಿ ಉಂಡು ಏಳಲಾಗದೆ, ಪಕ್ಕದವರ ಹೆಗಲು ಹಿಡಿದೆನಂತೆ. ಆ ಊಟ ನನಗೆ ನೆನಪಿದೆ. ಹೆಗಲು ನೆನಪಿಲ್ಲ. ಶಟರಿನ ಕಥೆಯಲ್ಲಿ ನಾನು ದುಡಿಯುವ ಮನುಷ್ಯ. ಪಂಕ್ತಿಯ ಕಥೆಯಲ್ಲಿ ನಾಲ್ಕು ಜನರೆದುರು ಏಳಲಾಗದವನು.

ರೋಗದ ಹೆಸರಷ್ಟೇ ಖಚಿತ. ರುಮಟಾಯ್ಡ್ ಆರ್ಥ್ರೈಟಿಸ್.

ದೇಹ ತನ್ನ ಕೀಲುಗಳ ಮೇಲೆ ತಾನೇ ಬೀಳುವ ರೋಗ. ಬೆಳಗಿನ ಹೊತ್ತು ಅಂಗಿಯ ಗುಂಡಿಯನ್ನು ಸುವರ್ಣಾ ಹಾಕಬೇಕು, ಜೋಳದ ಭಕ್ರಿಯನ್ನು ಅವಳೇ ಮುರಿದು ತಟ್ಟೆಗಿಡಬೇಕು. ಅದನ್ನೂ ಸಹಿಸಬಹುದಿತ್ತು.

ಸೋಲಾಪುರದಲ್ಲಿ ನಮ್ಮದು ಸೀರೆ ಅಂಗಡಿ. ನೆಲದ ಮೇಲೆ ಬಿಳಿ ಹಾಸಿನ ಗಾದಿ. ಅದರ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ ಮಾಲೀಕ, ಎದುರಿಗೆ ಗಿರಾಕಿ. ಮದುವೆಯ ಜವಳಿಗೆ ಬಂದವರ ಮುಂದೆ ಮೊದಲ ಸೀರೆಯನ್ನು ಮನೆಯ ಹಿರಿಯನೇ ಬಿಚ್ಚಿ ಹರಡಬೇಕು. ನೌಕರರ ಸರದಿ ಆಮೇಲೆ. ಅಪ್ಪ ತೀರಿದ ಮೇಲೆ ಆ ಹಿರಿಯ ನಾನು. ಕುರ್ಚಿಯ ಮೇಲೆ ಕೂತು ಮಾಡುವ ಕೆಲಸವಲ್ಲ ಅದು. ಸೆರಗು ಗಿರಾಕಿಯ ಮಡಿಲಿಗೆ ಬೀಳಬೇಕು, ನೆತ್ತಿಗಲ್ಲ.

ನನ್ನ ಮೊಣಕಾಲು ಮಡಚುವುದನ್ನು ಬಿಟ್ಟಿತು.

ಅದೇ ವರ್ಷ, ಅಥವಾ ಮುಂದಿನ ವರ್ಷ, ತಮ್ಮ ಮಲ್ಲು ಅಕ್ಕಲಕೋಟೆ ರಸ್ತೆಯಲ್ಲಿ ಬೈಕಿನಿಂದ ಬಿದ್ದ. ಅವನ ಮೊಣಕಾಲಿನೊಳಗೆ ಎಲುಬಿನ ತುದಿಯ ನುಣುಪು ಹೊದಿಕೆ, ಕಾರ್ಟಿಲೇಜ್, ಒಂದು ಕಡೆ ಕಿತ್ತುಬಂತು. ಪುಣೆಯಲ್ಲಿ ಸ್ಟೆಮ್ ಸೆಲ್ ಟ್ರಯಲ್‌ಗೆ, ಇನ್ನೂ ಪ್ರಯೋಗದಲ್ಲಿರುವ ಚಿಕಿತ್ಸೆಗೆ, ಅವನನ್ನು ತೆಗೆದುಕೊಂಡರು. ಸೊಂಟದ ಎಲುಬಿನಿಂದ ಮಜ್ಜೆ ತೆಗೆದು, ಅದರ ಜೀವಕೋಶಗಳನ್ನು ಲ್ಯಾಬಿನಲ್ಲಿ ಬೆಳೆಸಿ, ಹರಿದ ಜಾಗಕ್ಕೆ ಹಾಕಿದರು. ಕೆಲವು ತಿಂಗಳು ಊರುಗೋಲು, ಆಮೇಲೆ ಫಿಸಿಯೋ. ಆಮೇಲೊಂದು ದಿನ ನಾನು ಅಂಗಡಿಗೆ ಹೋದಾಗ ಅವನು ಗಾದಿಯ ಮೇಲಿದ್ದ.

ಚಕ್ಕಳಮಕ್ಕಳ ಹಾಕಿ.

"ಬಾ ಅಣ್ಣಾ, ನಿನಗ ಕುರ್ಚಿ ತರಸ್ತೀನಿ" ಅಂದ.

ಜವಳಿಗೆ ಬಂದವರು ತಮ್ಮ ಮುದುಕಿಯರಿಗಾಗಿ ಕೇಳುವ ಕುರ್ಚಿ ಅದು. ಕೂತೆ. ಅವನ ಮೊಣಕಾಲನ್ನೇ ನೋಡುತ್ತ ಕೂತೆ. ಅದರೊಳಗೆ ಹೊಸದು ಬೆಳೆಯುತ್ತಿದೆ, ನನ್ನದರೊಳಗೆ ಇದ್ದದ್ದೂ ಸವೆಯುತ್ತಿದೆ. ಇಬ್ಬರನ್ನೂ ಹೆತ್ತವಳು ಒಬ್ಬಳೇ. ಕೀಲುನೋವು ಮಧ್ಯಾಹ್ನದ ಹೊತ್ತಿಗೆ ಸ್ವಲ್ಪವಾದರೂ ಬಿಡುತ್ತದೆ. ಹೊಟ್ಟೆಕಿಚ್ಚಿಗೆ ಮಧ್ಯಾಹ್ನವಿಲ್ಲ.

ಮುಂದಿನ ಸಲ ದವಾಖಾನೆಗೆ ಹೋದಾಗ ನನ್ನ ಕೀಲು ನೋಡುವ ಡಾಕ್ಟರ್ ಬಾಯಿಯವರನ್ನು ಕೇಳಿಯೇಬಿಟ್ಟೆ; ಹೆಣ್ಣು ಡಾಕ್ಟರನ್ನು ನಮ್ಮಲ್ಲಿ ಹಾಗೇ ಕರೆಯುವುದು. ನಮ್ಮಲ್ಲಿ ರವಿಕೆ ಬಟ್ಟೆಯ ಸುರುಳಿ ಮುಗಿಯುತ್ತ ಬಂದಾಗ ಉಳಿಯುವ ಕಟ್‌ಪೀಸನ್ನು ಮಾರುವುದಿಲ್ಲ, ಮನೆಯವರಿಗೆಂದು ಎತ್ತಿಡುತ್ತೇವೆ. ಲ್ಯಾಬಿನಲ್ಲೂ ಹಾಗೇ ಇರಬೇಕು ಎಂದುಕೊಂಡಿದ್ದೆ.

"ಮಲ್ಲೂನ ಸೆಲ್ ಬೆಳಸಿದ್ರಲ್ರಿ, ಅದರಾಗ ಒಂದೀಟು ಉಳದಿರಬೇಕಲ್ರಿ. ಒಂದ ರಕ್ತ ನಮ್ದು. ಅದನ್ನ ನಂಗ ಹಾಕ್ರಿ."

ಡಾಕ್ಟರ್ ಪೆನ್ನು ಕೆಳಗಿಟ್ಟರು. ಸುವರ್ಣಾ ತಲೆ ತಗ್ಗಿಸಿ, "ಮನಸಿಗೆ ಹಚ್ಕೋಬ್ಯಾಡ್ರಿ ಮ್ಯಾಡಮ್, ಇವರಿಗೆ ದವಾಖಾನಿನೂ ಸೀರಿ ಅಂಗಡೀನ" ಎಂದಳು.

"ಇರ್ಲಿ, ಬರೋಬ್ಬರಿ ಕೇಳ್ಯಾರ" ಎಂದರು ಡಾಕ್ಟರ್. "ಸೆಲ್ ಸಿಗೂದು ದೊಡ್ಡ ಮಾತಲ್ರಿ, ಜಾಗಾ ಬೇಕು. ತಮ್ಮಂದು ಏಟು. ಒಂದ ಕಡೆ ಹರದಿತ್ತು, ಸುತ್ತಲ ಎಲ್ಲಾ ಶಾಂತ ಇತ್ತು. ನಿಮ್ಮ ಕೀಲಿನಾಗ ಇನ್ನೂ ಬಾವು ಅದ. ಹಳೇ ಕಾರ್ಟಿಲೇಜ್ ತಿಂದದ್ದು ಹೊಸಾದನ್ನ ಬಿಡ್ತದೇನ್ರಿ? ಅದನ್ನ ಬೆಳ್ಯಾಕೂ ಬಿಡಂಗಿಲ್ಲ."

"ಹಂಗಾರ ನನ್ನಂಥಾವ್ರಿಗೆ ಇಲ್ಲ."

"ಸಂಶೋಧನಾ ನಡದದ. ಈ ಸೆಲ್ ಬಾವು ಇಳಸ್ತಾವೇನು ಅಂತ ನೋಡಾಕತ್ತಾರ. ಬಾವು ಗೊತ್ತಾದ ಕೂಡ್ಲೆ ತಾವ ಔಷಧ ಬಿಡೂವಂಥಾ ಸೆಲ್ ಇಲಿಗೆ ಹಾಕಿ ನೋಡ್ಯಾರ. ಮನಶ್ಯಾರಿಗೆ ಇನ್ನೂ ದೂರ ಅದ. ಯಾರರೆ ಈಗ ಹಾಕ್ತೀನಿ ಬರ್ರಿ ಅಂದ್ರ ಹೋಗಬ್ಯಾಡ್ರಿ. ಮೊದಲ ಗುಳಿಗಿ ತಪ್ಪಸಬ್ಯಾಡ್ರಿ."

ಅವನಿಗೆ ಪುಣೆ. ನನಗೆ ಗುಳಿಗೆ. ಇಲಿಗಳಿಗೂ ನನಗಿಂತ ಮೊದಲು.

ಅವರು ಇಷ್ಟು ಸ್ಪಷ್ಟವಾಗಿ ಹೇಳಿದರೋ, ನಾನು ಮನೆಗೆ ಬಂದು ಜೋಡಿಸಿಕೊಂಡೆನೋ, ಈಗ ಬೇರ್ಪಡಿಸಲಾರೆ. ಗುಳಿಗೆ ತಪ್ಪಿಸಲಿಲ್ಲ. ವಾರಕ್ಕೊಮ್ಮೆಯ ಮೆಥೋಟ್ರೆಕ್ಸೇಟ್, ಮರುದಿನವಿಡೀ ಬಾಯಿಗೆ ಯಾವ ರುಚಿಯೂ ಇಲ್ಲ, ಶೇಂಗಾ ಚಟ್ನಿಯ ವಾಸನೆಗೂ ವಾಕರಿಕೆ. ಉಳಿದ ದಿನ ಕುರ್ಚಿ.

ಒಮ್ಮೆ ಚಪಳಗಾಂವದಿಂದ ಜವಳಿಗೆ ಬಂದವರಲ್ಲಿ ಒಬ್ಬ ಮುದುಕಿ ನನ್ನ ಪಕ್ಕದ ಕುರ್ಚಿಯಲ್ಲಿ ಕೂತಳು. "ನೀವೂ ಜವಳಿಗಿ ಬಂದೀರೇನ್ರಿ? ಯಾರ ಮದಿವಿ?" ಎಂದು ಕೇಳಿದಳು.

"ತಮ್ಮಂದು" ಎಂದೆ. ಯಾಕೆ ಹಾಗೆಂದೆನೋ.

ಗಾದಿಯಿಂದ ಮಲ್ಲು ಕೇಳಿಸಿಕೊಂಡ. "ಅಯ್ಯ ಆಯಿ, ನನ್ನ ಮದಿವಿ ಆಗಿ ಎರಡ ಹುಡುಗ್ರು ಸಾಲಿಗೆ ಹೊಂಟಾವ. ಅಂವ ನಮ್ಮಣ್ಣ. ಈ ಅಂಗಡಿ ಸಾವ್ಕಾರ."

"ಸಾವ್ಕಾರ ಕುರ್ಚಿ ಮ್ಯಾಲ, ತಮ್ಮ ಗಾದಿ ಮ್ಯಾಲ. ಚಲೋ ನಡದದ ತಗೋ" ಎಂದಳು ಮುದುಕಿ.

ಎಲ್ಲರೂ ನಕ್ಕರು. ನಾನೂ ನಕ್ಕೆ.

ಅವರು ಹೋದ ಮೇಲೆ ಮಲ್ಲು ಕಪಾಟು ಹಿಡಿದು ಎದ್ದ. ಅವನ ಮುಖ ಅರೆಗಳಿಗೆ ಕಿವುಚಿತು. ನನ್ನೊಳಗೆ ಏನೋ ಚುರುಕಾಗಿ ಎದ್ದು ಕೂತಿತು.

"ನೋಯ್ತದೇನೋ?"

"ಸಂಜಿಕೆ ನೋಯ್ತದ. ದಿನಾ. ಎಷ್ಟು ಸೆಲ್‌ನಿಂದ ಆರಾಮಾಗೇದ, ಎಷ್ಟು ಫಿಸಿಯೋದಿಂದ, ಪುಣೆ ಡಾಕ್ಟರಿಗೂ ಹೇಳಾಕ ಬರವಲ್ದು. ಕಾಲ ಮಡಚಿ ಕೂಡಬ್ಯಾಡ ಅಂತ ಬೈತಾರ."

"ಮತ್ಯಾಕ ಕೂಡ್ತಿ?"

"ನಾ ಕೂಡಲಿಲ್ಲಂದ್ರ ನೌಕರ್ರು ಕೂಡ್ತಾರ. ಆಮ್ಯಾಲ ನಿನ್ನ ಜಾಗಾ ನಿನಗ ಹೆಂಗ ಸಿಗ್ತದ?"

ಅಷ್ಟು ಹೇಳಿ ಸೀರೆ ಮಡಚತೊಡಗಿದ. ನನ್ನ ಕಣ್ಣು ತುಂಬಿ ಬಂತು ಎಂದು ಬರೆದರೆ ಚೆನ್ನಾಗಿ ಓದಿಸಿಕೊಳ್ಳುತ್ತದೆ. ಹಾಗಾಗಲಿಲ್ಲ. ಅವನಿಗೂ ನೋಯುತ್ತದೆ ಎಂದು ಮೊದಲು ಹಗುರಾಯಿತು. ಮರುಕ್ಷಣ ಇನ್ನೊಂದು ಹೊಟ್ಟೆಕಿಚ್ಚು: ಅವನ ನೋವು ಅಣ್ಣನಿಗಾಗಿ ಪಟ್ಟ ನೋವಾಯಿತು, ನನ್ನದು ಬರೀ ರೋಗ.

ಈಗ ಬಾವು ಇಳಿಯುತ್ತಿದೆ. ಬೆಳಿಗ್ಗೆ ಮುಷ್ಟಿ ಕಟ್ಟಬಲ್ಲೆ. ಅದಕ್ಕೆ ಡಾಕ್ಟರ್ ಬಾಯಿಯವರಿಗೆ, ಗುಳಿಗೆಗೆ, ಸುವರ್ಣಾಳ ಕೈಗಳಿಗೆ ಋಣಿ. ಹೋದ ಕಾರ್ಟಿಲೇಜ್ ಗುಳಿಗೆಯಿಂದ ಮರಳುವುದಿಲ್ಲ ಎಂದು ಡಾಕ್ಟರ್ ಮುಚ್ಚಿಡದೆ ಹೇಳಿದ್ದಾರೆ. ಬಾವು ಪೂರ್ತಿ ಅಡಗಿ ಹಾಗೇ ಉಳಿದರೆ ಪುಣೆಯವರನ್ನು ಕೇಳಿ ನೋಡೋಣ ಎಂದಿದ್ದಾರೆ. ಕೇಳುವುದಷ್ಟೇ.

ಆ ಚಿಕಿತ್ಸೆ ನನ್ನಂಥ ಕೀಲಿಗೆ ಎಂದಾದರೂ ಬರುತ್ತದೋ ಗೊತ್ತಿಲ್ಲ. ಬಂದರೆ, ನಾನು ಕಾಲು ಮಡಚಬಲ್ಲವನಾದ ದಿನ, ಮಲ್ಲು ಗಾದಿಯಿಂದ ಏಳುತ್ತಾನೋ ಗೊತ್ತಿಲ್ಲ. ಅವನು ಎದ್ದರೆ ನನಗೆ ಖುಷಿಯಾಗುತ್ತದೋ, ಅದೂ ಗೊತ್ತಿಲ್ಲ.