ಡಬ್ಬಿ ಅಕ್ಕ ತುಕ್ಕು ಹಿಡಿಸಿದ ನಟ್ಟು

ಆಪರೇಷನ್ ಕೋಣೆಗೆ ಹೋಗುವ ಮುಂಚೆ ಒಂದು ಚಿಕ್ಕ ಕೋಣೆ ಸಿಗುತ್ತದೆ. ರೋಗಿಯನ್ನು ಟ್ರಾಲಿಯ ಮೇಲೆ ಮಲಗಿಸಿಕೊಂಡು ಅಲ್ಲಿಗೆ ತರುತ್ತಾರೆ. ಅಲ್ಲಿಂದ ಮುಂದಕ್ಕೆ ಮೈಮೇಲೆ ಹಸಿರು ನಿಲುವಂಗಿ ಬಿಟ್ಟರೆ ಬೇರೇನೂ ಇರಕೂಡದು. ಉಂಗುರ, ಸರ, ಕಟ್ಟಿಸಿದ ಹಲ್ಲು, ಕೂದಲಿನ ಪಿನ್ನು, ಎಲ್ಲವನ್ನೂ ಇಲ್ಲೇ ತೆಗೆಯಬೇಕು. ತೆಗೆಸುವವಳು ಡಬ್ಬಿ ಅಕ್ಕ.

ಚಿನ್ನ ಬೆಳ್ಳಿ ಬಿಚ್ಚುವುದಕ್ಕೆ ಯಾರೂ ತಕರಾರು ಮಾಡುವುದಿಲ್ಲ, ಮನೆಯವರ ಕೈಗೆ ಕೊಟ್ಟು ಸುಮ್ಮನೆ ಮಲಗುತ್ತಾರೆ. ತಕರಾರು ಶುರುವಾಗುವುದು ತಾಯತದ ಹತ್ತಿರ. ಬಂದರಿನ ಊರಾದ್ದರಿಂದ ಆ ಆಸ್ಪತ್ರೆಗೆ ಯಾವ ಯಾವ ದೇಶದವರೋ ಬರುತ್ತಾರೆ. ಒಬ್ಬನ ಕೊರಳಲ್ಲಿ ನೀಲಿ ಕಣ್ಣಿನ ಮಣಿ, ಇನ್ನೊಬ್ಬಳ ಕೊರಳಲ್ಲಿ ಬೆಳ್ಳಿಯ ಪುಟ್ಟ ಅಂಗೈ. ಹಡಗಿನವರು ಮೀನಿನ ಹಲ್ಲು ಕಟ್ಟಿಕೊಂಡಿರುತ್ತಾರೆ. ಕೆಂಪು ದಾರದಲ್ಲಿ ತೂತಿನ ನಾಣ್ಯ, ಆನೆ ಬಾಲದ ಕೂದಲಿನ ಉಂಗುರ, ಗಾಜಿನೊಳಗೆ ಒಣಗಿ ಕೂತ ನಾಲ್ಕೆಸಳಿನ ಎಲೆ, ಸಂತರ ಮುಖ ಸವೆದುಹೋದ ಬಿಲ್ಲೆ, ಸತ್ತ ತಾಯಿಯ ಬಟ್ಟೆಯ ತುಂಡು. ಭಾಷೆ ಬೇರೆ, ದೇವರು ಬೇರೆ. ಆದರೆ ಬಿಚ್ಚಿ ಎಂದಾಗ ಎಲ್ಲರ ಕೈಯೂ ಒಂದೇ ರೀತಿ ಎದೆಗೆ ಹೋಗುತ್ತದೆ. ಮನೆಯವರ ಹತ್ತಿರ ಕೊಡುತ್ತೇವೆ ಎಂದರೂ ಒಪ್ಪುವುದಿಲ್ಲ. ಅಷ್ಟು ದೂರ ಹೋಗಬಾರದಂತೆ.

ಮುಂಚೆ ಇದ್ದ ಆಯಾ ಕತ್ತರಿ ಹಿಡಿದು ಕಚಕ್ ಎಂದು ಕತ್ತರಿಸಿ ಬಿಸಾಡುತ್ತಿದ್ದಳಂತೆ. ಅಂಥವಳ ಕೈಗೆ ಕತ್ತರಿ ಕೊಟ್ಟವರನ್ನು ಮೊದಲು ಮಲಗಿಸಬೇಕಿತ್ತು! ನಮ್ಮ ಅಕ್ಕ ಹಾಗಲ್ಲ. ಕೆಮ್ಮಿನ ಗುಳಿಗೆಯ ಖಾಲಿ ಡಬ್ಬಿಗಳನ್ನು ವಾರ್ಡಿನಿಂದೆಲ್ಲ ಕೂಡಿಸಿ ತಂದು, ತೊಳೆದು ಇಟ್ಟುಕೊಂಡಿದ್ದಳು. ಗಂಟನ್ನು ಉಗುರಿನಿಂದ ಬಿಡಿಸಿ, ತಾಯತವನ್ನು ಡಬ್ಬಿಗೆ ಹಾಕಿ, ಮುಚ್ಚಳದ ಮೇಲೆ ಚೀಟಿ ಅಂಟಿಸಿ, ರೋಗಿಯ ಕಣ್ಣೆದುರಿಗೇ ಕಿಟಕಿಯ ಕಟ್ಟೆಯ ಮೇಲೆ ಇಡುತ್ತಿದ್ದಳು. "ನೋಡಪ್ಪ, ನೀನು ಬಾಗಿಲ ಆಚೆ, ಇದು ಬಾಗಿಲ ಈಚೆ. ಮಧ್ಯೆ ಇರೋದು ಒಂದು ಹಲಗೆ ಅಷ್ಟೇ."

ಇಷ್ಟು ಮಾಡುತ್ತಿದ್ದವಳು ನಂಬುತ್ತಿದ್ದಳೇ ಎಂದರೆ, ಎಳ್ಳಷ್ಟೂ ಇಲ್ಲ. ಅವಳ ಗಂಡ ಲಾರಿ ಓಡಿಸುತ್ತಿದ್ದ. ಸ್ಟೀರಿಂಗಿನ ಮುಂದೆ ಒಂದು ಅಂಗಡಿಯನ್ನೇ ತೂಗುಹಾಕಿದ್ದ. ಮಣಿಯಂತೆ, ದಾರವಂತೆ, ಗೊಂಬೆಯಂತೆ. ಬ್ರೇಕು ನೋಡಿಸಲು ಮಾತ್ರ ಅವನಿಗೆ ಪುರುಸೊತ್ತು ಸಿಗಲಿಲ್ಲ. ಇಳಿಜಾರಿನಲ್ಲಿ ಲಾರಿ ನಿಲ್ಲಲಿಲ್ಲ. ನಜ್ಜುಗುಜ್ಜಾದ ಲಾರಿಯಲ್ಲಿ ಆ ತೂಗುವ ಸಾಮಾನುಗಳು ಒಂದೂ ಮುಕ್ಕಾಗದೆ ಉಳಿದಿದ್ದವು. ಅದನ್ನು ಕಂಡಾಗ ಅವಳಿಗೆ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ. ಅವಳು ಡಬ್ಬಿ ಇಟ್ಟಿದ್ದು ತಾಯತಕ್ಕೆ ಅಂಜಿ ಅಲ್ಲ, ಮಲಗಿದವರ ಮುಖ ನೋಡಲಾಗದೆ.

ಹೀಗಿರುವಾಗ ಒಂದು ಬೆಳಿಗ್ಗೆ ಬೋಲ್ಟಿನವನು ಬಂದ. ಆಸ್ಪತ್ರೆಯ ಎದುರಿಗೇ ಹೊಸ ಕಟ್ಟಡಕ್ಕೆ ಕಬ್ಬಿಣದ ತೊಲೆಗಳು ಏಳುತ್ತಿದ್ದವು. ಆ ತೊಲೆಗಳ ಮೇಲೆ ನಡೆದುಕೊಂಡು ಹೋಗಿ ಬೋಲ್ಟು ಬಿಗಿಯುವವನು ಅವನು. ಕರುಳಿನ ಬಾಲ, ಅಂದರೆ ಅಪೆಂಡಿಕ್ಸು, ಊದಿಕೊಂಡು ಹೊಟ್ಟೆ ಹಿಡಿದುಕೊಂಡು ಒದ್ದಾಡುತ್ತಿದ್ದ. ಆದರೂ ಬಾಯಿ ನಿಂತಿರಲಿಲ್ಲ.

"ಅದನ್ನ ಮುಟ್ಬೇಡ ಅಕ್ಕ!"

"ಏನಪ್ಪಾ ಇದು, ಕೊರಳಲ್ಲಿ ನಟ್ಟು ಹಾಕ್ಕೊಂಡಿದೀಯ? ತಲೆ ಕಳಚಿ ಬೀಳುತ್ತೆ ಅಂತಾನಾ?"

"ನಗ್ಬೇಡ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಮೇಲಿನಿಂದ ಬಿದ್ದ ನಟ್ಟು ಅದು. ಕಿವಿ ಸವರ್ಕೊಂಡು ಹೋಯ್ತು. ಒಂದು ಬೆರಳು ಈಚೆ ಬಂದಿದ್ರೆ ನಾನಿಲ್ಲ. ಅವತ್ತಿಂದ ಇಳಿಸಿಲ್ಲ."

"ಈಗ ಇಳಿಸು. ಇಲ್ಲೇ ಇರುತ್ತೆ, ನಾನು ಹೊಣೆ."

ಹೊಣೆ ಎಂಬ ಮಾತು ಅವಳ ಬಾಯಿಂದ ಸಲೀಸಾಗಿ ಬಂದುಬಿಟ್ಟಿತು. ಬೋಲ್ಟಿನವನು ಒಳಗೆ ಹೋದ. ಅಕ್ಕ ದಾರವನ್ನು ಮೂಸಿ ನೋಡಿದಳು. ಗ್ರೀಸು, ಬೆವರು, ಏನೇನೋ ಸೇರಿ ಚಾಟಿಯ ಹಾಗೆ ಗಡುಸಾಗಿತ್ತು. ಕೊಳೆ ಕಂಡರೆ ಸುಮ್ಮನಿರುವ ಹೆಂಗಸಲ್ಲ ಅವಳು. ಇನ್ನೇನು ಅವನ ಹೊಟ್ಟೆಯ ಮೇಲೆ ಹಸಿ ಗಾಯ ಇರುತ್ತದೆ, ಈ ಗಲೀಜು ಅದಕ್ಕೆ ತಾಗಬೇಕೇ ಎಂದುಕೊಂಡು ದಾರವನ್ನು ನಟ್ಟಿನಿಂದ ಎಳೆದು ತೆಗೆದಳು. ನಟ್ಟನ್ನು ತೆರೆದ ಡಬ್ಬಿಯಲ್ಲಿ ಬಿಟ್ಟು, ದಾರಕ್ಕೆ ಸೋಪು ಹಚ್ಚಲು ನಲ್ಲಿಯ ಹತ್ತಿರ ಹೋದಳು.

ಅಲ್ಲೇ ಆದದ್ದು ತಪ್ಪು. ದಾರ ಇದ್ದರೆ ಅದು ತಾಯತ. ದಾರ ತೆಗೆದರೆ ನಟ್ಟು.

ಅವಳು ವಾಪಸು ಬರುವಷ್ಟರಲ್ಲಿ ಡಬ್ಬಿ ಖಾಲಿ. ಕಿಟಕಿ ಕಟ್ಟೆಯ ಕೆಳಗೆ, ಟ್ರಾಲಿಯ ಹಾಸಿಗೆ ಸರಿಸಿ, ಮಂಚದಡಿ ಬಗ್ಗಿ, ಕಸದ ಬುಟ್ಟಿ ಕೊಡವಿ ನೋಡಿದಳು. ಇಲ್ಲ. ಸಂಜೆಯ ಹೊತ್ತಿಗೆ ಸ್ಪ್ಯಾನರ್ ಅಣ್ಣ ಸಿಕ್ಕಿದ. ಆಸ್ಪತ್ರೆಯ ನಲ್ಲಿ, ಫ್ಯಾನು, ಮಂಚ, ಕುರ್ಚಿ ಎಲ್ಲದರ ರಿಪೇರಿಯೂ ಅವನದೇ.

"ಅಣ್ಣ, ಕಿಟಕಿ ಮೇಲಿನ ಡಬ್ಬೀಲಿ ಒಂದು ನಟ್ಟಿತ್ತು..."

"ಹೂಂ, ಸಿಕ್ತು. ಒಳ್ಳೆ ಹೊತ್ತಿಗೆ ಇಟ್ಟಿದ್ದೆ ನೀನು. ಟ್ರಾಲಿ ಚಕ್ರದ್ದು ಎಲ್ಲೋ ಉದುರಿಹೋಗಿತ್ತು. ಇದು ಹಾಕಿದ್ರೆ, ಆಹಾ, ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತ್ಕೊಂಡಿತು."

"ಅಯ್ಯೋ ನಿನ್ನ ಕೈ ಮುರಿದುಹೋಗ! ಯಾವ ಟ್ರಾಲಿ?"

"ಅದ್ಯಾವುದೋ. ಇವತ್ತು ಎಲ್ಲಾ ಟ್ರಾಲಿನೂ ಬಿಚ್ಚಿ ಗ್ರೀಸ್ ಹಾಕಿದೀನಿ. ಹುಡುಕ್ಬೇಕಂದ್ರೆ ಒಂದೊಂದನ್ನೂ ತಲೆಕೆಳಗೆ ಮಾಡ್ಬೇಕು. ಮೇಲೆ ಜನ ಮಲಗಿದಾರಲ್ಲ, ಅವರನ್ನೇನು ಮಾಡ್ತೀಯ?"

ಆಚೆ ವಾರ್ಡಿನಲ್ಲಿ ಬೋಲ್ಟಿನವನು ಎಚ್ಚರವಾಗಿ ಮೊದಲು ಕೇಳಿದ್ದು ನೀರನ್ನಲ್ಲ, ನಟ್ಟನ್ನು. "ದಾರ ತೊಳೆದಿದೀನಿ ಕಣಪ್ಪ, ಒಣಗ್ಲಿ" ಎಂದಳು ಅಕ್ಕ. ಅವನು ಬರಿಗೊರಳನ್ನು ತಡವಿಕೊಂಡು, "ಅದಿಲ್ದೆ ನಾನು ತೊಲೆ ಮೇಲೆ ಕಾಲಿಡೋನಲ್ಲ ಅಕ್ಕ. ಬೇರೆ ಕೆಲಸ ನಂಗೆ ಬರೋದೂ ಇಲ್ಲ" ಎಂದ. ಅದು ಬೆದರಿಕೆಯಲ್ಲ. ಕೂಗುಮಾರಿಯಂಥ ಆ ಮನುಷ್ಯ ಅಷ್ಟನ್ನು ಮಾತ್ರ ಮೆಲ್ಲಗೆ ಹೇಳಿದ್ದ.

ಅವಳು ಕಬ್ಬಿಣದ ಅಂಗಡಿಗೆ ಹೋಗಿ ಅಂಥದ್ದೇ ಒಂದು ನಟ್ಟು ತಂದಳು. ಅದು ಹೊಸ ಮದುಮಗನ ಹಾಗೆ ಫಳಫಳ ಹೊಳೆಯುತ್ತಿತ್ತು. ಮನೆಗೆ ಬಂದು ಕಲ್ಲಿಗೆ ಉಜ್ಜಿದಳು, ಉಪ್ಪು ಹಚ್ಚಿದಳು, ನಿಂಬೆರಸ ಹಿಂಡಿದಳು, ಒದ್ದೆ ಬಟ್ಟೆ ಸುತ್ತಿ ಕಿಟಕಿಯಲ್ಲಿಟ್ಟಳು. ಹೊಲಿಗೆ ಅಂಗಡಿಯಿಂದ ಬಂದ ಮಗಳು ಸೊಂಟದ ಮೇಲೆ ಕೈಯಿಟ್ಟು ನೋಡುತ್ತ ನಿಂತಳು.

"ಅಮ್ಮಾ, ಇದೇನು ಉಪ್ಪಿನಕಾಯಿ ಹಾಕ್ತಿದೀಯಾ?"

"ಸುಮ್ನಿರೇ. ತುಕ್ಕು ಹಿಡಿಸ್ತಿದೀನಿ."

"ಜನ ತುಕ್ಕು ಬಿಡಿಸೋಕೆ ಒದ್ದಾಡ್ತಾರೆ. ನೀನೋ... ಅಪ್ಪನ ಲಾರೀಲಿದ್ದ ತಾಯತಾನೆಲ್ಲ ಒಲೆಗೆ ಹಾಕಿದೋಳು, ಈಗ ಮನೇಲೇ ಕಾರ್ಖಾನೆ ಇಟ್ಟೆಯಾ?"

"ನಟ್ಟು ನಟ್ಟೇ ಕಣೆ. ಅದರಲ್ಲಿ ಅದೇನು, ಇದೇನು? ಅವನಿಗೆ ಧೈರ್ಯ ಬರ್ಬೇಕು ಅಷ್ಟೇ."

ಬಂದಿತು. ತೊಳೆದ ದಾರದಲ್ಲಿ ಕಂದು ಬಣ್ಣದ ನಟ್ಟು ಕಂಡಾಗ ಬೋಲ್ಟಿನವನು ಅದನ್ನು ಕಣ್ಣಿಗೊತ್ತಿಕೊಂಡ. "ದಾರ ತೊಳೆದಿದ್ದಕ್ಕೆ ಹಗುರ ಆಗಿದೆ ನೋಡಕ್ಕ" ಎಂದು ನಕ್ಕ. ಅಕ್ಕ ಹಾಸಿಗೆಯ ಸುಕ್ಕು ಸರಿಮಾಡುವ ನೆಪದಲ್ಲಿ ಮುಖ ತಿರುಗಿಸಿದಳು.

ಗಾಯ ಮಾಗಿ ಅವನು ಕೆಲಸಕ್ಕೆ ಮರಳಿದ ದಿನ, ಅಕ್ಕ ಮೇಲಿನ ಮಹಡಿಯ ಕಿಟಕಿಯಿಂದ ಕುತೂಹಲಕ್ಕೆ ಇಣುಕಿದಳು. ಎದುರಿನ ತೊಲೆಯ ಮೇಲೆ, ಆಕಾಶದಲ್ಲಿ ಗೆರೆ ಎಳೆದ ಹಾಗಿದ್ದ ಕಬ್ಬಿಣದ ಮೇಲೆ, ಅವನು ಅಂಗಳದಲ್ಲಿ ನಡೆದಂತೆ ನಡೆಯುತ್ತಿದ್ದ. ಉಳಿದವರು ಸೊಂಟದ ಬೆಲ್ಟಿನ ಕೊಕ್ಕೆಯನ್ನು ತೊಲೆಯುದ್ದಕ್ಕೂ ಬಿಗಿದ ತಂತಿಗೆ ಸಿಕ್ಕಿಸಿಕೊಂಡು ಸರಿಯುತ್ತಿದ್ದರು. ಇವನ ಕೊಕ್ಕೆ ಮಾತ್ರ ಬೆನ್ನ ಹಿಂದೆ ಕೋತಿಯ ಬಾಲದ ಹಾಗೆ ಜೋತಾಡುತ್ತಿತ್ತು.

ಮಧ್ಯಾಹ್ನ ಗೇಟಿನ ಹತ್ತಿರ ಅವನನ್ನು ಹಿಡಿದಳು. "ಬೆಲ್ಟ್ ಯಾಕೆ ಸಿಕ್ಕಿಸೋದಿಲ್ಲ ನೀನು?"

"ಅದು ನಟ್ಟಿಲ್ದೋರಿಗೆ ಅಕ್ಕ." ಅವನು ಎದೆ ತಟ್ಟಿಕೊಂಡ. "ನಂಗಿದೆಯಲ್ಲ. ಕೊಕ್ಕೆ ಹಾಕ್ಕೊಂಡು ತೆಗ್ಕೊಂಡು ಹೋಗೋದು ಆಮೆ ಕೆಲಸ."

ಮೇಸ್ತ್ರಿ ಎನ್ನಿಸಿಕೊಂಡವನು ಕೆಳಗೆ ನಿಂತಿದ್ದ, ತಲೆ ಎತ್ತಿ ನೋಡುವ ಅಭ್ಯಾಸ ಅವನಿಗಿರಲಿಲ್ಲ. ಕೆಲಸ ಬೇಗ ಮುಗಿದರೆ ಸಾಕು ಅವನಿಗೆ. ಇಂಥವರ ಕತ್ತಿಗೆ ಒಂದು ಹಗ್ಗ ಕಟ್ಟಿ ಮೇಲೆ ಎಳೆದು ಕೂರಿಸಿದರೆ ಆಗ ಗೊತ್ತಾದೀತು, ಎತ್ತರ ಎಂದರೆ ಏನೆಂದು.

ಆಮೇಲೆ ಅಕ್ಕನಿಗೆ ನೆಮ್ಮದಿ ಎಂಬುದಿಲ್ಲವಾಯಿತು. ಗಂಟು ಬಿಚ್ಚುವಾಗ ಕಿವಿ ಕಿಟಕಿಯ ಕಡೆ. ಎದುರಿನಲ್ಲಿ ಏನಾದರೂ ಧಡ್ ಎಂದರೆ ಕೈಯಲ್ಲಿದ್ದದ್ದನ್ನು ಬಿಟ್ಟು ಏಳುವುದು. ಓಡಿಹೋಗಿ ನೋಡಿದರೆ ಯಾರೋ ಕಬ್ಬಿಣ ಇಳಿಸಿರುವುದು. "ಏನ್ರೀ, ಕಿಟಕಿಗೆ ಅಂಟ್ಕೊಂಡಿದೀರಾ?" ಎಂದು ಸಿಸ್ಟರ್ ಗದರುವುದು. ಒಂದು ದಿನ ಗಾಳಿ ಎದ್ದಿತ್ತು. ತೊಲೆಯ ತುದಿಯಲ್ಲಿ ಅವನ ಅಂಗಿ ಪಟಪಟ ಹೊಡೆದುಕೊಳ್ಳುತ್ತಿತ್ತು, ಕೊಕ್ಕೆ ಆಚೀಚೆ ತೂಗುತ್ತಿತ್ತು. ನಿಜವಾದ ನಟ್ಟಿದ್ದಿದ್ದರೆ ನನಗೆ ಇಷ್ಟು ಭಯ ಆಗುತ್ತಿರಲಿಲ್ಲವೇನೋ ಎಂದು ಅವಳ ಮನಸ್ಸಿಗೆ ಬಂತು. ಬಂದ ಕೂಡಲೇ ತನ್ನ ಮೇಲೆ ತನಗೇ ರೇಗಿತು. ನಿಜವಾದದ್ದಿದ್ದರೂ ಅವನು ಬಿದ್ದರೆ ಬಿದ್ದನೇ. ಗಂಡ ಸಾಯಲಿಲ್ಲವೇ? ಅವತ್ತು ತೂಗುಹಾಕಿದ್ದು ಅವನು. ಇವತ್ತು ತೂಗುಹಾಕಿದ್ದು ನಾನು, ಉಪ್ಪು ನಿಂಬೆರಸ ಹಚ್ಚಿ, ಕೈಯಾರೆ.

ಊಟದ ಗಂಟೆ ಹೊಡೆದಿದ್ದೇ ತಡ, ಏಪ್ರನ್ನೂ ಬಿಚ್ಚದೆ ರಸ್ತೆ ದಾಟಿ ಹೋದಳು. ಅವನು ಕೆಳಗಿಳಿದು ಇಟ್ಟಿಗೆ ರಾಶಿಯ ಮೇಲೆ ಕೂತು ಬುತ್ತಿ ಬಿಚ್ಚುತ್ತಿದ್ದ.

"ಅದು ನಿನ್ನ ನಟ್ಟಲ್ಲ" ಎಂದಳು.

"ಏನು?"

"ನಿನ್ನದು ಕಳೆದುಹೋಯ್ತು. ಇದನ್ನ ನಾನು ಅಂಗಡಿಯಿಂದ ತಂದು ತುಕ್ಕು ಹಿಡಿಸಿದ್ದು."

ಅವನು ಮೊದಲು ನಕ್ಕ. ಅವಳ ಮುಖ ನೋಡಿ ನಗು ನಿಂತಿತು. ನಟ್ಟನ್ನು ಎತ್ತಿ ಬೆಳಕಿಗೆ ಹಿಡಿದ, ಹೆಬ್ಬೆರಳಿನಿಂದ ಒಳಗಿನ ಸುರುಳಿ ಸವರಿದ. ಆಮೇಲೆ ಬುತ್ತಿ ಒಂದು ಕಡೆ ಹಾರಿತು, ಮನುಷ್ಯ ಒಂದು ಕಡೆ ಎದ್ದ.

"ಹೊಣೆ ಅಂದ್ಯಲ್ಲ! ಬಾಯ್ಬಿಟ್ಟು ಹೊಣೆ ಅಂದ್ಯಲ್ಲ! ಅಷ್ಟು ದಿನದಿಂದ ನಾನು ಅಲ್ಲಿ, ಅಷ್ಟೆತ್ತರದಲ್ಲಿ, ಏನೂ ಇಲ್ದೆ..."

ತಲೆ ಎತ್ತಿ ತಾನು ನಡೆದ ತೊಲೆಯನ್ನು ನೋಡಿದ. ಹಾಗೇ ಕುಸಿದು ಇಟ್ಟಿಗೆಯ ಮೇಲೆ ಕೂತ. ಕೊರಳಿನಿಂದ ದಾರ ಕಿತ್ತು ನಟ್ಟನ್ನು ಮಣ್ಣಿಗೆ ಎಸೆದ.

"ಬೈಯಿ. ಎಷ್ಟು ಬೇಕಾದ್ರೂ ಬೈಯಿ" ಎಂದಳು ಅಕ್ಕ. "ಸುಳ್ಳು ಕೊಟ್ಟಿದ್ದು ನಾನೇ. ಆದ್ರೆ ನಿನ್ನ ಬೆನ್ನ ಹಿಂದೆ ಆ ಕೊಕ್ಕೆ ನೇತಾಡೋದನ್ನ ನೋಡಿ ನೋಡಿ ನಂಗೆ ಅನ್ನ ಇಳಿಯೋದಿಲ್ಲ. ಒಬ್ಬನ್ನ ಹೀಗೆ ಕಳ್ಕೊಂಡಿದೀನಪ್ಪ. ಇನ್ನೊಬ್ಬನ್ನ ನನ್ನ ಕೈಯಿಂದಾನೇ ಕಳೀಲಾರೆ."

ಅವನು ನೆಲ ನೋಡುತ್ತಲೇ ಕೇಳಿದ, "ನನ್ನದು ಎಲ್ಲಿ ಹೋಯ್ತು?"

"ಸ್ಪ್ಯಾನರ್ ಅಣ್ಣ ಯಾವುದೋ ಟ್ರಾಲಿ ಚಕ್ರಕ್ಕೆ ಹಾಕಿಬಿಟ್ಟ. ಯಾವುದು ಅಂತ ಗೊತ್ತಿಲ್ಲ."

"ರೋಗಿಗಳನ್ನ ಮಲಗಿಸ್ಕೊಂಡು ಹೋಗೋ ಟ್ರಾಲೀನಾ?"

"ಹೂಂ."

"ಬಿಗಿಯಾಗಿ ಹಾಕಿದಾನಾ ಆ ನನ್ಮಗ?"

ಅಕ್ಕನಿಗೆ ನಗು ಬಂತು, ಅಳುವೂ ಬಂತು, ಎರಡನ್ನೂ ನುಂಗಿದಳು. ಮಣ್ಣಿನಲ್ಲಿ ಬಿದ್ದಿದ್ದ ನಟ್ಟನ್ನು ಹೆಕ್ಕಿ ಒರೆಸಿದಳು. ಏಪ್ರನ್ನಿನ ಜೇಬಿನಲ್ಲಿ ಬ್ಯಾಂಡೇಜು ಬಟ್ಟೆಯ ಪಟ್ಟಿ ಇತ್ತು. ಅವನ ಬೆಲ್ಟನ್ನು ಎಳೆದುಕೊಂಡು, ನಟ್ಟನ್ನು ಕೊಕ್ಕೆಯ ಬುಡಕ್ಕೆ ಬಿಗಿದು ಕಟ್ಟಿದಳು. ಜನ್ಮವೆಲ್ಲ ಇನ್ನೊಬ್ಬರ ಗಂಟು ಬಿಚ್ಚಿದವಳು ಅವತ್ತು ಬಿಚ್ಚಲು ಬಾರದಂಥ ಗಂಟು ಹಾಕಿದಳು.

"ಸುಳ್ಳು ನಟ್ಟು ಯಾಕೆ ನಂಗೆ?" ಎಂದು ಅವನು ಗುರ್ರೆಂದ.

"ಸುಳ್ಳೋ ನಿಜಾನೋ, ಇನ್ಮೇಲೆ ಇದನ್ನ ಮುಟ್ಬೇಕಂದ್ರೆ ಕೊಕ್ಕೆ ಹಿಡೀಬೇಕು. ಹಿಡ್ಕೊಂಡ ಮೇಲೆ ಸಿಕ್ಕಿಸು."

ಆ ಮಧ್ಯಾಹ್ನ ಅವನು ಮೇಲೆ ಹತ್ತಲಿಲ್ಲ. ಮರುದಿನವೂ ತೊಲೆಯ ಮೇಲೆ ಕಾಣಲಿಲ್ಲ. ಅಕ್ಕ ಕಿಟಕಿಗೆ ಹೋಗಿ ಹೋಗಿ ಬಂದಳು. ಅನ್ನ ಸಂಪಾದಿಸುವವನ ಕಾಲನ್ನೇ ಮುರಿದೆನಲ್ಲ ಎಂದು ಮಗಳ ಮುಂದೆ ಕಣ್ಣೀರು ಹಾಕಿದಳು. "ಬಿದ್ದು ಮುರ್ಕೊಳೋದಕ್ಕಿಂತ ವಾಸಿ ಬಿಡಮ್ಮ" ಎಂದಳು ಮಗಳು. ಅದರಿಂದೇನೂ ಸಮಾಧಾನ ಆಗಲಿಲ್ಲ.

ಆಮೇಲೊಂದು ಬೆಳಿಗ್ಗೆ ಎದುರಿನಿಂದ ಕೇಕೆ ಕೇಳಿಸಿತು. ಅಕ್ಕ ಕೈಯಲ್ಲಿದ್ದ ಡಬ್ಬಿಯ ಸಮೇತ ಓಡಿದಳು. ಬೋಲ್ಟಿನವನು ತೊಲೆಯ ಮೇಲಿದ್ದ. ನಡೆಯುತ್ತಿರಲಿಲ್ಲ, ಸರಿಯುತ್ತಿದ್ದ. ಕೊಕ್ಕೆ ಸಿಕ್ಕಿಸುವುದು, ಎಳೆದು ನೋಡುವುದು, ಒಂದು ಹೆಜ್ಜೆ, ಮತ್ತೆ ಕೊಕ್ಕೆ. ಜೊತೆಯವರು "ಆಮೆ ಬಂತು, ದಾರಿ ಬಿಡ್ರೋ" ಎಂದು ಗೇಲಿ ಮಾಡುತ್ತಿದ್ದರು. ಅವನು ಅವರಿಗೆ ಏನೋ ಕೆಟ್ಟದಾಗಿ ಬೈದ. ಕೊಕ್ಕೆಯ ಬುಡದಲ್ಲಿ ಒಂದು ಚೂರು ಬಿಳಿ ಬಟ್ಟೆ ಗಾಳಿಗೆ ಅಲ್ಲಾಡುತ್ತಿತ್ತು.

"ಎಲ್ರೀ ಹೋದ್ರಿ? ಕೇಸ್ ಬಂದಿದೆ!" ಸಿಸ್ಟರ್ ಕೂಗಿದಳು.

ಚಿಕ್ಕ ಕೋಣೆಯಲ್ಲಿ ಟ್ರಾಲಿಯ ಮೇಲೆ ಒಬ್ಬ ಮುದುಕಿ ಮಲಗಿದ್ದಳು, ಎದೆಯ ಮೇಲೆ ನೀಲಿ ಮಣಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು. ಅಕ್ಕ ಅದರ ಗಂಟು ಬಿಡಿಸಿ, ದಾರ ಎಷ್ಟೇ ಕೊಳೆಯಾಗಿದ್ದರೂ ದಾರದ ಸಮೇತವೇ ಡಬ್ಬಿಗೆ ಹಾಕಿ ಮುಚ್ಚಳ ಬಿಗಿದಳು. ಆಮೇಲೆ ಮೊಣಕಾಲೂರಿ ಟ್ರಾಲಿಯ ಕೆಳಗೆ ಬಗ್ಗಿದಳು.

"ಏನಮ್ಮಾ ಹುಡುಕ್ತಿದೀಯ?" ಮುದುಕಿ ಕೇಳಿದಳು.

"ಏನಿಲ್ಲಜ್ಜಿ" ಎಂದಳು ಅಕ್ಕ, ಗ್ರೀಸಿನ ಕೈಯನ್ನು ಏಪ್ರನ್ನಿಗೆ ಒರೆಸಿಕೊಳ್ಳುತ್ತ. "ಚಕ್ರ ಬಿಗಿಯಾಗಿದೆಯಾ ಅಂತ ನೋಡಿದೆ. ಚೆನ್ನಾಗಿದೆ."