ಬಂಗಲೆ ಓಬಯ್ಯನ ಹನ್ನೊಂದು ಸೊನ್ನೆಗಳು

ಬಿ.ಜಿ. ಕೆರೆಯಿಂದ ಕೊಂಡ್ಲಹಳ್ಳಿ ಕಡೆಗೆ ಹೋಗುವ ದಾರಿಯ ನಮ್ಮೂರಿನಲ್ಲಿ ಸರ್ಕಾರದ ಒಂದು ಹಳೇ ಬಂಗಲೆ ಇದೆ. ಅದನ್ನು ನೋಡಿಕೊಳ್ಳುವ ಮೇಟಿಯಾಗಿ ಓಬಯ್ಯ ಇಪ್ಪತ್ತಾರು ವರ್ಷ ದುಡಿದ. ಬಂಗಲೆ ಗುಡಿಸುವುದು, ಸಾಹೇಬರು ಬಂದರೆ ಅಡುಗೆ ಮಾಡುವುದು ಅವನ ಕಣ್ಣಿಗೆ ಸಣ್ಣ ಕೆಲಸಗಳು. ದೊಡ್ಡ ಕೆಲಸ ಒಂದೇ. ಅಂಗಳದ ಬೇಲಿಯೊಳಗಿದ್ದ ಮಳೆ ಅಳೆಯುವ ಡಬ್ಬಿಯನ್ನು ದಿನಾ ಬೆಳಿಗ್ಗೆ ಎಂಟೂವರೆಗೆ ತೆರೆದು ನೋಡಿ ಪುಸ್ತಕದಲ್ಲಿ ಬರೆಯುವುದು. ನಮ್ಮ ಸೀಮೆಯಲ್ಲಿ ಮಳೆಯ ಪುಸ್ತಕವೆಂದರೆ ಬಹುಪಾಲು ಸೊನ್ನೆಗಳ ಪುಸ್ತಕ. ಟೀ ಅಂಗಡಿಯಲ್ಲಿ ಕೂತವರು ಅವನನ್ನು ಕಂಡರೆ ಸಾಕು, ಇವತ್ತು ಎಷ್ಟು ಸೊನ್ನೆ ಬಿತ್ತು ಎಂದು ಕಿಚಾಯಿಸುತ್ತಿದ್ದರು. ಒಂದೇ ಎಂದು ಗಂಭೀರವಾಗಿ ಉತ್ತರ ಕೊಟ್ಟು ಅವನು ಟೀ ಕುಡಿಯುತ್ತಿದ್ದ.

ನಾನು ಅದೇ ಊರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಬಿ.ಎಸ್ಸಿ. ಪಾಸಾದವನೆಂಬ ಜಂಬ ಇತ್ತು, ಸುಳ್ಳು ಯಾಕೆ ಹೇಳಲಿ. ಓಬಯ್ಯ ಹಟ್ಟಿಯಲ್ಲಿ ದನ ಕಾದು ಬೆಳೆದವನು, ಓದಿದ್ದು ನಾಲ್ಕನೇ ಕ್ಲಾಸು. ಆದರೂ ತಾಲ್ಲೂಕು ಕೇಂದ್ರದ ಒಬ್ಬ ಗುಮಾಸ್ತ ಮೂರು ಪಾಯಿಂಟ್ ಆರನ್ನು ನಾಲ್ಕು ಎಂದು ತಿದ್ದಿದಾಗ, ಉಳಿದ ಪಾಯಿಂಟ್ ನಾಲ್ಕು ಮಳೆ ನಿಮ್ಮಪ್ಪನ ಮನೆಯಿಂದ ಬಂತಾ ಎಂದು ಕೇಳಿ, ಮತ್ತೆ ಮೂರು ಪಾಯಿಂಟ್ ಆರು ಬರೆಸಿಕೊಂಡೇ ಬಸ್ಸು ಹತ್ತಿದವನು. ಗಂಡ ತನ್ನ ಮುಖಕ್ಕಿಂತ ಡಬ್ಬಿಯನ್ನೇ ಹೆಚ್ಚು ಸಲ ನೋಡುತ್ತಾನೆಂದು ಅವನ ಹೆಂಡತಿ ಯರ್ರಮ್ಮ ತೆಲುಗು ಬೆರೆಸಿ ಬೈಯುತ್ತಿದ್ದಳು.

ತೊಂಬತ್ಮೂರನೇ ಇಸವಿ, ಉತ್ತರೆ ಮಳೆಯ ಕಾಲ. ಭೌತವಿಜ್ಞಾನಿ ಡಾ. ಕೇದಾರಯ್ಯನವರು ಅಶೋಕನ ಶಾಸನ ನೋಡಲು ಸಿದ್ದಾಪುರದ ಕಡೆ ಹೊರಟವರು ಕಾರು ಕೆಟ್ಟು ನಮ್ಮ ಬಂಗಲೆಯಲ್ಲಿ ಒಂದು ಮಧ್ಯಾಹ್ನ ಉಳಿಯಬೇಕಾಯಿತು. ಅವರ ಹೆಸರು ದೇಶವೆಲ್ಲ ಗೊತ್ತು. ರೇಡಿಯೋದಲ್ಲಿ ಬೆಳಕು, ನಕ್ಷತ್ರ ಎಂದು ಅವರು ಕನ್ನಡದಲ್ಲಿ ಮಾತಾಡಿದರೆ ಟೀ ಅಂಗಡಿಯವನು ಒಲೆ ಸಣ್ಣ ಮಾಡಿ ಕೇಳುತ್ತಿದ್ದ. ಊರಿಗೆ ಊರೇ ಬೇಲಿಯ ಹೊರಗೆ ಬಂದು ನಿಂತಿತು. ಹುಡುಗರ ಗುಂಪಿನ ಹಿಂದೆ ನಾನೂ ನಿಂತಿದ್ದೆ. ಅವರು ಡಬ್ಬಿಯ ಹತ್ತಿರ ಹೋದರು, ಮೇಲಿನ ಲಾಳಿಕೆ ತೆಗೆದರು, ಒಳಗಿದ್ದ ನೀರನ್ನು ಅಳತೆಯ ಗಾಜಿಗೆ ಸುರಿದು ಓಬಯ್ಯನಿಗೆ ಏನೋ ಹೇಳಿದರು, ಆಮೇಲೆ ಆ ನೀರನ್ನು ನೆಲಕ್ಕೆ ಚೆಲ್ಲಿದರು. ಸಂಜೆ ಕಾರು ಸರಿಹೋಯಿತು, ಹೊರಟುಹೋದರು. ಐದು ದಿನ ಬಿಟ್ಟು ಒಳ್ಳೇ ಮಳೆ ಬಂತು, ಶೇಂಗಾ ಬದುಕಿತು.

ಊರು ಅಷ್ಟಕ್ಕೇ ಬಿಡುತ್ತದೆಯೇ? ದೊಡ್ಡ ವಿಜ್ಞಾನಿ ಭೂಮಿತಾಯಿಗೆ ನೀರೆರೆದದ್ದನ್ನು ಎಲ್ಲರೂ ಕಣ್ಣಾರೆ ಕಂಡಿದ್ದರು. ವರ್ಷ ಕಳೆದಂತೆ ಐದು ದಿನ ಮೂರಾಯಿತು, ಮೂರು ಒಂದಾಯಿತು, ಕೊನೆಗೆ ಅದೇ ಸಂಜೆಯೇ ಮಳೆ ಸುರಿಯಿತು ಎಂಬಲ್ಲಿಗೆ ಬಂದು ನಿಂತಿತು.

ಎರಡು ಸಾವಿರದ ಮೂರರಲ್ಲಿ ಕೇದಾರಯ್ಯನವರು ತೀರಿಕೊಂಡ ಸುದ್ದಿ ರೇಡಿಯೋದಲ್ಲಿ ಬಂತು. ಓಬಯ್ಯ ಆ ದಿನವೇ ತಲೆ ಬೋಳಿಸಿಕೊಂಡ. ಮನೆಯ ಹಿರಿಯರು ಹೋದಾಗ ಮಾಡುವ ಹಾಗೆ. ಮರುದಿನ ನೋಡಿದರೆ ಎಂಟೂವರೆಗೆ ಸರಿಯಾಗಿ ಡಬ್ಬಿಯ ಮುಂದೆ ಬಗ್ಗಿದ್ದ. ಸೂತಕ ಹಿಡಿದವನು ಡಬ್ಬಿ ಮುಟ್ಟಬಹುದೇ ಎಂದು ನಾನು ತಮಾಷೆ ಮಾಡಿದೆ. ಅವನು ನಗಲಿಲ್ಲ.

"ಇವರ ಸೂತಕದಾಗೆ ಡಬ್ಬಿ ಬಿಡೋ ಹಂಗಿಲ್ಲ ಮೇಷ್ಟ್ರೇ," ಎಂದ.

ಶೇಂಗಾ ವ್ಯಾಪಾರದ ಜಯದೇವಪ್ಪ ಸಾವ್ಕಾರ್ರು ನಮ್ಮ ಶಾಲಾ ಕಮಿಟಿಯ ಅಧ್ಯಕ್ಷರು, ಕೈ ದೊಡ್ಡದು. ಹನ್ನೊಂದನೇ ದಿನ ಬಸ್ ಸ್ಟ್ಯಾಂಡಿನಲ್ಲಿ ಶ್ರದ್ಧಾಂಜಲಿ ಸಭೆ, ವಿಜ್ಞಾನಿಯ ನೆನಪಿಗೆ ಕಲ್ಲು, ಅವರ ಜೊತೆ ಮಾತಾಡಿದ್ದ ಏಕೈಕ ಮನುಷ್ಯ ಓಬಯ್ಯನಿಗೆ ಶಾಲು ಎಂದು ಅವರೇ ಗೊತ್ತುಮಾಡಿದರು. ಕಲ್ಲಿನ ಮೇಲೆ ಕೆತ್ತಲು ನಾಲ್ಕು ಸಾಲು ಬರೆದುಕೊಡಿ ಎಂದು ನನಗೆ ಹೇಳಿದರು. ಬರೆದುಕೊಟ್ಟೆ. ಮೂರು ಸಾಲಿಗೆ ನನ್ನ ಸರಕು ಮುಗಿದಿತ್ತು. ನಾಲ್ಕನೆಯದಾಗಿ, "ಈ ಮಹನೀಯರು ನಮ್ಮೂರಿಗೆ ಪಾದವಿಟ್ಟ ದಿನವೇ ಮಳೆ ಸುರಿಯಿತು" ಎಂದು ಸೇರಿಸಿದೆ. ಓದಲು ಚೆನ್ನಾಗಿತ್ತು.

ಸಭೆಯ ಹಿಂದಿನ ದಿನ ಓಬಯ್ಯ ಟವೆಲಿನಲ್ಲಿ ಪುಸ್ತಕ ಸುತ್ತಿಕೊಂಡು ನನ್ನ ಮನೆಗೆ ಬಂದ. ಕಲ್ಲನ್ನು ನೋಡಿಕೊಂಡು ಬಂದಿದ್ದ. ಆ ದಿನ ಮಳೆ ಬರಲಿಲ್ಲ, ಪುಸ್ತಕದಲ್ಲಿ ದಾಖಲೆ ಇದೆ, ತೋರಿಸಲೇಬೇಕು ಎಂದ. ಆದರೆ ಕೈ ಮಾತ್ರ ಟವೆಲು ಬಿಚ್ಚುತ್ತಿರಲಿಲ್ಲ. ಕೊನೆಗೆ ಕತೆ ಹೊರಗೆ ಬಂತು. ವಿಜ್ಞಾನಿ ಬರುವ ಮುಂಚೆ ಅವನ ಅಣ್ಣ ಪೆದ್ದಣ್ಣ ತೀರಿಹೋಗಿದ್ದ. ಹಟ್ಟಿಯ ಕಟ್ಟಳೆಯಲ್ಲಿ ಸೂತಕದವರು ದೇವರ ಎತ್ತಿನ ಹತ್ತಿರ ಸುಳಿಯಬಾರದು, ಹಾಲಿನ ಗಡಿಗೆ ಮುಟ್ಟಬಾರದು. ಓಬಯ್ಯನ ಪಾಲಿಗೆ ಮಳೆರಾಯನ ಡಬ್ಬಿಯೂ ಅದೇ ಸಾಲಿನದು. ಹನ್ನೊಂದು ದಿನ ಮುಟ್ಟಲಿಲ್ಲ. ಪುಸ್ತಕ ಖಾಲಿ ಬಿಟ್ಟರೆ ಕೆಲಸಗಳ್ಳ ಎಂದಾರು ಎಂದು ಹೆದರಿ, ಮನೆಯಲ್ಲೇ ಕೂತು ಹನ್ನೊಂದು ಸೊನ್ನೆ ಬರೆದಿದ್ದ. ಹನ್ನೆರಡನೇ ದಿನ ಸೂತಕದ ಸ್ನಾನ ಮುಗಿಸಿ ಅವನು ಡಬ್ಬಿ ಮುಟ್ಟುವ ಮುಂಚೆಯೇ ಕೇದಾರಯ್ಯನವರು ಬಂದು ಪುಸ್ತಕ ನೋಡಿದರು, ಡಬ್ಬಿ ತೆರೆದರು. ಪುಸ್ತಕದಲ್ಲಿ ಸೊನ್ನೆ, ಡಬ್ಬಿಯಲ್ಲಿ ಹದಿನಾಲ್ಕು ಮಿಲಿಮೀಟರ್ ನೀರು.

ಬೈಯುತ್ತಾರೆಂದೇ ಇವನು ತಿಳಿದಿದ್ದನಂತೆ. ಅವರು ಬೈಯಲಿಲ್ಲ. ಹನ್ನೊಂದು ಸೊನ್ನೆಗಳನ್ನೂ ಹೊಡೆದುಹಾಕಿ, ಒಂದೊಂದರ ಪಕ್ಕಕ್ಕೂ ಒಂದು ಗೆರೆ ಎಳೆದು, ಒಟ್ಟು ಹದಿನಾಲ್ಕು ಎಂದು ಬರೆದು ಸಹಿ ಮಾಡಿದರು. ಅವರು ಹೇಳಿದ್ದನ್ನು ಓಬಯ್ಯ ಹತ್ತು ವರ್ಷವಾದರೂ ಅಕ್ಷರ ಬಿಡದೆ ಹೇಳಿದ: "ಸೊನ್ನೆ ಅಂದರೆ ನಾನು ನೋಡಿದೆ, ಮಳೆ ಇರಲಿಲ್ಲ ಅಂತ. ಗೆರೆ ಅಂದರೆ ನಾನು ನೋಡಲಿಲ್ಲ ಅಂತ. ನೋಡಲಿಲ್ಲ ಅನ್ನೋದರಲ್ಲಿ ಅವಮಾನ ಇಲ್ಲ ಓಬಯ್ಯ."

ಅವರು ಬಂದ ದಿನದ ಲೆಕ್ಕವೂ ಅದೇ ಹಾಳೆಯಲ್ಲಿತ್ತು. ಕಲ್ಲು ಸುಳ್ಳೆಂದು ತೋರಿಸಿದರೆ ತನ್ನ ಸುಳ್ಳೂ ಊರ ಮುಂದೆ ಬಿಚ್ಚಿಕೊಳ್ಳುತ್ತದೆ. ಪಾಯಿಂಟ್ ನಾಲ್ಕಕ್ಕೆ ಜಗಳವಾಡಿದ ಓಬಯ್ಯನ ಹೆಸರು ಅಲ್ಲಿಗೆ ಮುಗಿಯಿತು. ನಾನು ಬುದ್ಧಿವಾದ ಹೇಳಿದೆ. ಹೋದವರಿಗೆ ಊರು ಪ್ರೀತಿಯಿಂದ ಮರ್ಯಾದೆ ಮಾಡುತ್ತಿದೆ, ಯಾರಿಗೂ ನಷ್ಟವಿಲ್ಲ, ಶಾಲು ಹೊದ್ದು ಸುಮ್ಮನಿರು ಎಂದೆ. ಆ ಸಾಲು ನನ್ನದೆಂದು ಮಾತ್ರ ಬಾಯಿ ಬಿಡಲಿಲ್ಲ.

ಅವನು ಎದ್ದು ನಿಂತ. "ಮಳೆ ತಂದೋರು ಅಂತ ಕಲ್ಲು ನೆಟ್ಟರೆ ಕೈ ಮುಗೀತಾರೆ ಮೇಷ್ಟ್ರೇ. ಅವರು ಹೇಳಿಕೊಟ್ಟಿದ್ದು ಯಾರೂ ಕೇಳಾಕಿಲ್ಲ."

ಮರುದಿನ ಸಭೆ ಜೋರಾಗಿಯೇ ನಡೆಯಿತು. ಎರಡು ನಿಮಿಷ ಮೌನ, ಹೂವಿನ ಹಾರ, ಚಳ್ಳಕೆರೆಯಿಂದ ಬಂದ ಭಾಷಣಕಾರರು. ಸಾವ್ಕಾರ್ರು ಶಾಲು ಬಿಡಿಸಿ ಓಬಯ್ಯನನ್ನು ಕರೆದರು. ಅವನು ಮೈಕಿನ ಮುಂದೆ ಬಂದು, ಶಾಲು ಆಮೇಲೆ ಹೊದಿಸಿ ಎಂದು ತಡೆದು, ಟವೆಲು ಬಿಚ್ಚಿದ. ತಾರೀಖು ಓದಿದ. ಹನ್ನೊಂದು ದಿನ ನಾನು ಸುಳ್ಳು ಬರೆದಿದ್ದೆ ಎಂದ. ಅವರು ಹೇಗೆ ತಿದ್ದಿದರೆಂದು ಹೇಳಿ ಸಹಿ ತೋರಿಸಿದ. ಆಮೇಲೆ ಅವರು ಬಂದ ದಿನದ ಮಳೆ ಸೊನ್ನೆ ಎಂದು ಓದಿದ. ಯರ್ರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೂತಿದ್ದಳು. ಹಿಂದಿನಿಂದ ಯಾರೋ ನಕ್ಕರು, ಯಾರೂ ಜೊತೆಗೂಡದೆ ಆ ನಗು ನಿಂತುಹೋಯಿತು.

ಸಾವ್ಕಾರ್ರ ಮುಖ ಕೆಂಪಾಯಿತು. ಹಾಗಾದರೆ ಶೇಂಗಾ ಉಳಿಸಿದ ಮಳೆ ತಂದವರು ಯಾರು ಎಂದು ಕೇಳಿದರು.

"ಯಾರೂ ತರ್ಲಿಲ್ಲ ಸಾವ್ಕಾರ್ರೇ. ಐದನೇ ದಿನ ಅದೇ ಬಂತು. ಮೂವತ್ತೊಂದು ಪಾಯಿಂಟ್ ಎರಡು. ಸರಿಯಾಗಿ ಅಳೆಯೋದು ಕಲಿತಿದ್ದೆ, ಅಳೆದೆ."

ಸಾವ್ಕಾರ್ರು ಕಲ್ಲಿನ ಕಡೆ ನೋಡಿದರು, ಆಮೇಲೆ ನನ್ನ ಕಡೆ ತಿರುಗಿ, ಇದನ್ನು ಬರೆದುಕೊಟ್ಟವರು ನೀವಲ್ಲವೇ ಎಂದು ಎಲ್ಲರ ಮುಂದೆ ಕೇಳಿದರು. ಓಬಯ್ಯನಿಗೆ ಅದು ಗೊತ್ತಿರಲಿಲ್ಲ. ಅವನು ನನ್ನನ್ನು ನೋಡಿದ ನೋಟದಲ್ಲಿ ಸಿಟ್ಟಿಗಿಂತ ಕನಿಕರವೇ ಹೆಚ್ಚಿತ್ತು, ಅದೇ ನನಗೆ ಚುಚ್ಚಿತು.

"ಮೇಷ್ಟ್ರು ಆವತ್ತು ಊರಾಗೆ ಇದ್ದಿರಾಕಿಲ್ಲ ಬಿಡ್ರಿ," ಎಂದ. "ಯಾರೋ ಹೇಳಿದ್ದು ಕೇಳಿ ಬರೆದಿರ್ತಾರೆ."

ಹೌದು ಎಂದಿದ್ದರೆ ಮುಗಿದಿತ್ತು. ನನ್ನ ಹುಡುಗರೆಲ್ಲ ಮುಂದಿನ ಸಾಲಿನಲ್ಲಿ ಕೂತಿದ್ದರು. ನಾನು ಎದ್ದು ನಿಂತೆ.

"ಇದ್ದೆ," ಎಂದೆ. "ಬೇಲಿ ಪಕ್ಕದಲ್ಲೇ ನಿಂತಿದ್ದೆ. ಮಳೆ ಬರಲಿಲ್ಲ ಅಂತ ಗೊತ್ತಿದ್ದೇ ಬರೆದೆ."